ಕಾಂತದ ಸುದ್ದಿಯಲ್ಲಿ ‘ಅಪರೂಪದ ಭೂಮಿ’ ಬೇಡ

ಮಾನ್ಯ ಸಂಪಾದಕರೇ,

ಚೀನಾ ದೇಶವು 2025ರ ಏಪ್ರಿಲ್ 4ರಂದು ಏಳು ಧಾತುಗಳ ಮತ್ತು ಅವು ಸೇರಿದ ಕಾಂತಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯ ಮಾಡಿದ ದಿನದಿಂದ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದೇ ಪದ ಹಲವು ರೂಪಗಳಲ್ಲಿ ಅಚ್ಚಾಗುತ್ತಿದೆ. ಒಂದು ದಿನ ‘ಅಪರೂಪದ ಭೂಮಿಯ ಅಯಸ್ಕಾಂತ’ ಎಂದಿದ್ದರೆ ಮರುದಿನ ‘ವಿರಳ ಭೂ ಖನಿಜ’ ಎಂದಿರುತ್ತದೆ. ವಾರ ಕಳೆದ ಮೇಲೆ ವಾಣಿಜ್ಯ ಪುಟದಲ್ಲಿ ‘ಅಪರೂಪದ ಲೋಹ’ ಎಂದಾಗಿರುತ್ತದೆ. ಇವೆಲ್ಲವೂ ಇಂಗ್ಲಿಷಿನ ‘ರೇರ್ ಅರ್ತ್’ ಎಂಬ ಒಂದೇ ಪಾರಿಭಾಷಿಕ ಪದಕ್ಕೆ ನಾವು ಕೊಡುತ್ತಿರುವ ಹೆಸರುಗಳು. ತಮ್ಮ ಪತ್ರಿಕೆಯನ್ನು ಬಹಳ ವರ್ಷಗಳಿಂದ ತರಿಸಿ ಓದುತ್ತಿರುವವನು ನಾನು. ಐಟಿಐಯಲ್ಲಿ ಹುಡುಗರಿಗೆ ವಿದ್ಯುತ್ ಕೆಲಸ ಕಲಿಸಿ ನಿವೃತ್ತನಾಗಿ, ಈಗ ಹಾಸನದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಂತಗಳು ನನ್ನ ದಿನನಿತ್ಯದ ಸರಕು. ಈ ಪದವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು, ಹೇಳಿದಾಗ ಯಾವ ವಸ್ತುವನ್ನು ಸೂಚಿಸಬೇಕು ಎಂಬುದರ ಬಗ್ಗೆ ತಮ್ಮ ಮುಂದೆ ಒಂದು ಕೋರಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಬರೆಯಲೇಬೇಕು ಎನ್ನಿಸಿದ್ದು ಕಳೆದ ಮುಂಗಾರಿನಲ್ಲಿ. ಅರಸೀಕೆರೆ ಕಡೆಯ ರೈತರೊಬ್ಬರು ಸುಟ್ಟುಹೋದ ಸಬ್‌ಮರ್ಸಿಬಲ್ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೆ ಬಂದರು. ಮೋಟಾರು ಇಳಿಸಿದ ಮೇಲೆ ಅಂಗಿಯ ಜೇಬಿನಿಂದ ಪತ್ರಿಕೆಯ ಒಂದು ತುಣುಕನ್ನೂ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದ ಒಂದು ಹಿಡಿ ಮಣ್ಣನ್ನೂ ತೆಗೆದು ಮೇಜಿನ ಮೇಲಿಟ್ಟರು. ‘ಮೇಷ್ಟ್ರೇ, ನಮ್ಮ ಹೊಲದ ಮಣ್ಣು ಅಪರೂಪದ್ದೋ ಅಲ್ವೋ ಅಂತ ಎಲ್ಲಿ ಪರೀಕ್ಷೆ ಮಾಡ್ತಾರೆ? ಮನೇಲಿದ್ದ ಹಳೇ ಸ್ಪೀಕರಿನ ಮ್ಯಾಗ್ನೆಟ್ ಆಡಿಸಿ ನೋಡ್ದೆ, ಕರೀ ಪುಡಿ ಹಿಡ್ಕೊಂಡ್ ಬತ್ತು’ ಎಂದರು. ತುಣುಕಿನಲ್ಲಿ ‘ಅಪರೂಪದ ಭೂಮಿ’ ಎಂದೇ ಇತ್ತು. ಭೂಮಿ ಎಂದರೆ ನಮ್ಮ ಜನರಿಗೆ ಹೊಲ, ನೆಲ, ಮಣ್ಣು. ಅವರು ಓದಿದ್ದನ್ನು ಅವರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು, ತಪ್ಪು ಪದದಲ್ಲಿತ್ತು.

ಆ ಕರಿಯ ಪುಡಿ ಏನೆಂಬುದನ್ನು ಅವರಿಗೆ ಹೇಳಿದೆ. ಅದು ಕಬ್ಬಿಣದ ಅದಿರಿನ ಕಣ, ಮ್ಯಾಗ್ನಟೈಟ್. ಈ ಅದಿರಿನಲ್ಲಿ ತಾನಾಗಿಯೇ ಕಾಂತವಾಗಿರುವ ತುಂಡನ್ನು ನಮ್ಮ ಹಿರಿಯರು ಸೂಜಿಗಲ್ಲು ಎಂದು ಗುರುತಿಸಿದ್ದರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗಣಿಯಿಂದ ತೆಗೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿನ ಕಡಲತಡಿಗೆ ಸಾಗಿಸುತ್ತಿದ್ದದ್ದೂ ಇದೇ ಜಾತಿಯ ಅದಿರು. ಕೆಂಪು ಮಣ್ಣಿನ ಹೊಲದಲ್ಲಿ, ಹಳ್ಳದ ಮರಳಿನಲ್ಲಿ ಕಾಂತವನ್ನು ಆಡಿಸಿದರೆ ಈ ಕಣಗಳು ಬಹುತೇಕ ಎಲ್ಲೆಡೆಯೂ ಸಿಗುತ್ತವೆ. ಚೀನಾ ತಡೆಹಿಡಿದ ವಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ಆ ವಸ್ತುವಿನ ಮುಖ್ಯ ಅದಿರುಗಳಲ್ಲಿ ಒಂದಾದ ಮೊನಝೈಟ್ ಎಂಬ ಹಳದಿಗೆಂಪಿನ ಮರಳು ಇಂತಹ ಸ್ಪೀಕರ್ ಕಾಂತಕ್ಕೆ ಅಂಟುವುದೇ ಇಲ್ಲ. ಅವರು ಮರುಮಾತಾಡದೆ ಮಣ್ಣಿನ ಕವರನ್ನು ಮತ್ತೆ ಕಟ್ಟಿಕೊಂಡರು. ಐವತ್ತು ಕಿಲೋಮೀಟರ್ ದೂರ ಆ ಮಣ್ಣನ್ನು ಜೋಪಾನವಾಗಿ ತಂದವರ ಮುಖ ನೋಡಿ ನನಗೆ ಬೇಸರವಾಯಿತು.

ಹಾಗಾದರೆ ‘ಅರ್ತ್’ ಎಂದರೇನು? ಇಲ್ಲಿ ಅದು ಭೂಮಿಯೂ ಅಲ್ಲ, ಮಣ್ಣೂ ಅಲ್ಲ. ಹದಿನೆಂಟನೆಯ ಶತಮಾನದ ಯುರೋಪಿನ ರಸಾಯನಜ್ಞರು, ಎಷ್ಟು ಕಾಯಿಸಿದರೂ ಕರಗದೆ, ನೀರಿನಲ್ಲಿ ಬೆರೆಯದೆ, ಪುಡಿಯಾಗಿಯೇ ಉಳಿಯುವ ವಸ್ತುಗಳಿಗೆಲ್ಲ ‘ಅರ್ತ್’ ಎಂದು ಕರೆಯುತ್ತಿದ್ದರು. ಸುಣ್ಣ, ಮೆಗ್ನೀಷಿಯಾ, ಅಲ್ಯೂಮಿನಾ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಫ್ರಾನ್ಸಿನ ರಸಾಯನಜ್ಞ ಲವಾಸಿಯೆ 1789ರಲ್ಲಿ ಧಾತುಗಳ ಪಟ್ಟಿ ಮಾಡಿದಾಗ ಇವನ್ನೂ ಅದರಲ್ಲಿ ಸೇರಿಸಿದ್ದನು, ಏಕೆಂದರೆ ಅವನ್ನು ಇನ್ನೂ ಸರಳವಾಗಿ ಒಡೆಯುವ ದಾರಿ ಅಂದು ಗೊತ್ತಿರಲಿಲ್ಲ. ಇವು ಲೋಹಗಳು ಆಮ್ಲಜನಕದೊಂದಿಗೆ ಸೇರಿ ಆದ ಪುಡಿಗಳು, ಅಂದರೆ ಆಕ್ಸೈಡುಗಳು, ಎಂಬುದು 1808ರಲ್ಲಿ ಡೇವಿ ಎಂಬ ವಿಜ್ಞಾನಿ ವಿದ್ಯುತ್ತನ್ನು ಹಾಯಿಸಿ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಬೇರ್ಪಡಿಸಿದಾಗ ಸ್ಪಷ್ಟವಾಯಿತು. ಅಷ್ಟರಲ್ಲಿ ಸ್ವೀಡನ್ ದೇಶದ ಇಟ್ಟರ್‌ಬಿ ಎಂಬ ಹಳ್ಳಿಯ ಗಣಿಯಲ್ಲಿ 1787ರಲ್ಲಿ ಸಿಕ್ಕಿದ್ದ ಒಂದು ಕರಿಯ, ತೂಕದ ಕಲ್ಲಿನಿಂದ ಗಾಡೊಲಿನ್ ಎಂಬಾತ 1794ರಲ್ಲಿ ಹೊಸದೊಂದು ‘ಅರ್ತ್’ ಅನ್ನು ಬೇರ್ಪಡಿಸಿದ್ದನು. ಬೇರೆಡೆ ಕಾಣದ ಪುಡಿಯಾದ್ದರಿಂದ ‘ರೇರ್’ ಎಂಬ ವಿಶೇಷಣ ಅಂಟಿಕೊಂಡಿತು. ಆ ಒಂದು ಹಳ್ಳಿಯ ಹೆಸರಿನಿಂದಲೇ ಇಟ್ರಿಯಂ, ಇಟರ್ಬಿಯಂ, ಟರ್ಬಿಯಂ, ಎರ್ಬಿಯಂ ಎಂಬ ನಾಲ್ಕು ಧಾತುಗಳ ಹೆಸರು ಹುಟ್ಟಿವೆ. ಇಂದು ಈ ಗುಂಪಿನಲ್ಲಿ ಎಣಿಸುವುದು ಹದಿನೇಳು ಧಾತುಗಳನ್ನು: ಲ್ಯಾಂಥನೈಡ್ ಸಾಲಿನ ಹದಿನೈದು, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ.

ಲೋಹವನ್ನು ಸುಟ್ಟು ಪುಡಿಯಾಗಿಸಿದ ವಸ್ತುವಿಗೆ ಕನ್ನಡದಲ್ಲಿ ಪದವಿಲ್ಲವೇ? ಇದೆ, ಬಹಳ ಹಿಂದಿನಿಂದಲೂ ಇದೆ. ಆಯುರ್ವೇದದ ಪಂಡಿತರು ತಾಮ್ರ ಭಸ್ಮ, ಲೋಹ ಭಸ್ಮ ಎನ್ನುತ್ತಾರೆ. ಲೋಹವನ್ನು ಶೋಧಿಸಿ, ಪುಟವಿಟ್ಟು, ಮತ್ತೆ ಮತ್ತೆ ಸುಟ್ಟು ನುಣ್ಣಗಿನ ಪುಡಿ ಮಾಡಿದ್ದು ಭಸ್ಮ. ಕನ್ನಡದಲ್ಲಿ ವಿಜ್ಞಾನ ಬರೆದವರು ‘ರೇರ್ ಅರ್ತ್’ ಎಂಬುದಕ್ಕೆ ‘ವಿರಳ ಭಸ್ಮ’ ಎಂದು ಬಳಸಿರುವುದು ಇದೇ ಅರ್ಥದಲ್ಲಿ. ಇದು ಹೊಸದಾಗಿ ನಾನು ಕಟ್ಟಿದ ಪದವಲ್ಲ. ಇರುವ ಪದವನ್ನು ಪತ್ರಿಕೆಗಳು ಬಿಟ್ಟುಕೊಟ್ಟಿವೆ ಎಂಬುದೇ ನನ್ನ ದೂರು.

ಈ ಪದ ಎಷ್ಟು ಸರಿ ಎಂಬುದನ್ನು ನನ್ನ ವಯಸ್ಸಿನ ಮಲೆನಾಡಿನವರೆಲ್ಲ ಕಣ್ಣಾರೆ ಕಂಡಿದ್ದಾರೆ. ನನ್ನ ತಾಯಿಯ ತವರು ಸಕಲೇಶಪುರದ ಕಡೆ. ಸುಗ್ಗಿಯ ರಾತ್ರಿಗಳಲ್ಲಿ ಅಲ್ಲಿ ಗ್ಯಾಸ್‌ಲೈಟು ಹೊತ್ತಿಸುವ ಕೆಲಸ ನಮ್ಮ ಸೋದರಮಾವನದು. ಪೆಟ್ರೋಮ್ಯಾಕ್ಸಿನ ಗಾಜನ್ನು ತೆಗೆದು, ಕಾಗದದ ಪೊಟ್ಟಣದಿಂದ ಹೊಸ ಮ್ಯಾಂಟಲ್ ಬಿಡಿಸಿ, ಅಂದರೆ ನಾವು ಆಡುಮಾತಿನಲ್ಲಿ ಮೆಂಟ್ಲು ಎನ್ನುತ್ತಿದ್ದ ಆ ಬಟ್ಟೆಯ ಸಣ್ಣ ಚೀಲವನ್ನು ಬಿಡಿಸಿ, ಅದರ ದಾರವನ್ನು ಪಿಂಗಾಣಿಯ ಮೂತಿಗೆ ಬಿಗಿದು ಕಟ್ಟಿ, ಬೆಂಕಿ ತಾಗಿಸುತ್ತಿದ್ದರು. ಬಟ್ಟೆ ಕಪ್ಪಾಗಿ, ಸುರುಟಿಕೊಂಡು, ಎರಡು ನಿಮಿಷದಲ್ಲಿ ಬಿಳಿಯ ಬಲೆಯಾಗಿ ಉಳಿಯುತ್ತಿತ್ತು. ಆಗ ಪಂಪು ಹೊಡೆದರೆ ಅದೇ ಬಲೆ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಬೆಳಗ್ಗೆ ನಾವು ಮಕ್ಕಳು ಒಂದು ಬೆರಳು ತಾಗಿಸಿದರೂ ಸಾಕು, ಅದು ಸದ್ದಿಲ್ಲದೆ ಪುಡಿಯಾಗಿ ಉದುರುತ್ತಿತ್ತು. ಬಟ್ಟೆ ಸುಟ್ಟುಹೋದ ಮೇಲೆ ಉಳಿದದ್ದು ಬಟ್ಟೆಯ ಬೂದಿಯಲ್ಲ. ಆ ಬಟ್ಟೆಯನ್ನು ಮೊದಲೇ ಲವಣಗಳ ದ್ರಾವಣದಲ್ಲಿ ಅದ್ದಿ ಒಣಗಿಸಿರುತ್ತಾರೆ. ಸುಟ್ಟಾಗ ಉಳಿಯುವುದು ಸುಮಾರು 99 ಪಾಲು ಥೋರಿಯಂ ಭಸ್ಮ, 1 ಪಾಲು ಸೀರಿಯಂ ಭಸ್ಮ. ಥೋರಿಯಂ ಈ ಗುಂಪಿನ ಧಾತುವಲ್ಲ, ಸೀರಿಯಂ ಹೌದು. ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕಾಗುತ್ತಿತ್ತು. ಥೋರಿಯಂ ವಿಕಿರಣ ಸೂಸುವ ಧಾತುವಾದ್ದರಿಂದ ಇತ್ತೀಚಿನ ಮ್ಯಾಂಟಲ್‌ಗಳಲ್ಲಿ ಅದರ ಬದಲಿಗೆ ಇಟ್ರಿಯಂ ಭಸ್ಮವನ್ನು ಬಳಸುತ್ತಾರೆ. ಅದಂತೂ ನೇರವಾಗಿ ವಿರಳ ಭಸ್ಮವೇ.

ಈ ಮ್ಯಾಂಟಲ್ಲನ್ನು ರೂಪಿಸಿದವರು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಇಂದು ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿಗೆ ಬೇಕಾದ ನಿಯೋಡಿಮಿಯಂ ಅನ್ನು 1885ರಲ್ಲಿ ಬೇರ್ಪಡಿಸಿ ಹೆಸರಿಟ್ಟವರೂ ಅವರೇ. ಅದಕ್ಕೆ ಮೊದಲು ‘ಡಿಡಿಮಿಯಂ’, ಅಂದರೆ ಅವಳಿ, ಎಂದು ಒಂದೇ ಧಾತುವಾಗಿ ತಿಳಿದಿದ್ದದ್ದನ್ನು ಅವರು ಒಡೆದು ತೋರಿಸಿದರು: ಒಂದು ಹಸಿರು ಅವಳಿ, ಪ್ರೇಸಿಯೊಡಿಮಿಯಂ, ಇನ್ನೊಂದು ಹೊಸ ಅವಳಿ, ನಿಯೋಡಿಮಿಯಂ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕುಣಿತ ನೋಡಿದ ನಮ್ಮ ಹಳ್ಳಿಗಳಿಗೂ ಈ ಕಾಂತಗಳಿಗೂ ಇಷ್ಟು ಹತ್ತಿರದ ನಂಟಿರುವಾಗ, ಎಲ್ಲಿಯದೋ ಭೂಮಿಯನ್ನು ತಂದು ಪದಕ್ಕೆ ಅಂಟಿಸುವ ಅಗತ್ಯ ಏನಿದೆ?

‘ಭಸ್ಮ ಎಂದರೆ ಓದುಗರು ವಿಭೂತಿ ಎಂದುಕೊಂಡಾರು’ ಎಂದು ನನ್ನ ಸ್ನೇಹಿತರಾದ ಅಧ್ಯಾಪಕರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಭೂಮಿ ಎಂಬ ಪದ ತರುವ ಗೊಂದಲದ ಮುಂದೆ ಇದು ಸಣ್ಣದು; ಭಸ್ಮ ಎಂದಾಗ ಕನಿಷ್ಠ ಸುಟ್ಟು ಉಳಿದ ಪುಡಿ ಎಂಬ ಸರಿಯಾದ ಚಿತ್ರವೇ ಮನಸ್ಸಿಗೆ ಬರುತ್ತದೆ. ‘ಮೃತ್ತಿಕೆ’ ಎಂದು ಬರೆಯುವವರೂ ಇದ್ದಾರೆ. ಮೃತ್ತಿಕೆಯ ಅರ್ಥವೂ ಮಣ್ಣೇ ಆಗಿರುವುದರಿಂದ ಅದು ಅದೇ ತಪ್ಪನ್ನು ಸಂಸ್ಕೃತದಲ್ಲಿ ಹೇಳಿದಂತೆ ಆಗುತ್ತದೆ. ‘ಲ್ಯಾಂಥನೈಡ್’ ಎಂದರೆ ಸ್ಕ್ಯಾಂಡಿಯಂ, ಇಟ್ರಿಯಂ ಹೊರಗುಳಿಯುತ್ತವೆ. ಅಂಗಡಿಯ ಮಾತಿನಂತೆ ‘ರೇರ್ ಅರ್ತ್’ ಎಂದೇ ಕನ್ನಡ ಅಕ್ಷರದಲ್ಲಿ ಬರೆದರೆ ನನ್ನ ತಕರಾರಿಲ್ಲ. ತಪ್ಪು ಅನುವಾದಕ್ಕಿಂತ ಅದು ಎಷ್ಟೋ ವಾಸಿ.

ಇನ್ನು ‘ವಿರಳ’ ಮತ್ತು ‘ಅಪರೂಪ’. ಇವೆರಡೂ ಒಂದೇ ಅಲ್ಲವೇ ಎಂದು ಕೇಳಬಹುದು. ಅಪರೂಪ ಎಂದರೆ ಸಿಗುವುದೇ ಕಷ್ಟ, ಕಂಡರೆ ಭಾಗ್ಯ ಎಂಬ ಭಾವ. ವಿರಳ ಎಂದರೆ ದಟ್ಟವಲ್ಲದ್ದು, ಚೆದುರಿದ್ದು. ದಟ್ಟ ಜನಸಂಖ್ಯೆ, ವಿರಳ ಜನಸಂಖ್ಯೆ ಎನ್ನುವಾಗ ನಾವು ಬಳಸುವುದು ಈ ಅರ್ಥವನ್ನೇ. ಈ ಧಾತುಗಳ ನಿಜಸ್ಥಿತಿಯೂ ಅದೇ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ವಿಕಿರಣ ಸೂಸುತ್ತಾ ಅಳಿದುಹೋಗುವ ಪ್ರೊಮೀಥಿಯಂ ಒಂದನ್ನು ಬಿಟ್ಟರೆ ಈ ಗುಂಪಿನಲ್ಲೇ ತೀರ ಕಡಿಮೆ ಇರುವ ಥೂಲಿಯಂ ಕೂಡ ಬೆಳ್ಳಿಗಿಂತ ಹೆಚ್ಚಿದೆ. ಆದರೆ ತಾಮ್ರದ ಹಾಗೆ ಒಂದೆಡೆ ಗಟ್ಟಿಯಾಗಿ ಕೂಡಿಕೊಂಡಿರದೆ, ಕಲ್ಲಿನಲ್ಲಿ, ಮರಳಿನಲ್ಲಿ ತೆಳ್ಳಗೆ ಹರಡಿಕೊಂಡಿವೆ. ಒಂದರ ಗುಣ ಇನ್ನೊಂದಕ್ಕೆ ಎಷ್ಟು ಹತ್ತಿರವೆಂದರೆ ಬೇರ್ಪಡಿಸಲು ನೂರಾರು ಹಂತಗಳ ರಾಸಾಯನಿಕ ಕ್ರಿಯೆ ಬೇಕು. ಹಾಗಾಗಿ ಇಂಗ್ಲಿಷಿನ ‘ರೇರ್’ ಹೇಳಲಾರದ ಸಂಗತಿಯನ್ನು ಕನ್ನಡದ ‘ವಿರಳ’ ಹೇಳುತ್ತದೆ. ಇಷ್ಟು ಹೊಂದುವ ಪದ ನಮ್ಮಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಪದದ ಅರ್ಥ ತಿಳಿದ ಮೇಲೆ ಬಳಕೆಯ ಪ್ರಶ್ನೆ ಬರುತ್ತದೆ, ಮತ್ತು ಪತ್ರಿಕೆಗಳಲ್ಲಿ ಹೆಚ್ಚು ಅನಾಹುತ ಆಗುತ್ತಿರುವುದು ಇಲ್ಲಿಯೇ. ಖನಿಜ, ಭಸ್ಮ, ಲೋಹ, ಮಿಶ್ರಲೋಹ, ಕಾಂತ ಇವು ಐದು ಬೇರೆ ಬೇರೆ ವಸ್ತುಗಳು. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲತೀರದ ಮರಳಿನಲ್ಲಿರುವ ಮೊನಝೈಟ್ ಖನಿಜ. ಅದನ್ನು ರಾಸಾಯನಿಕವಾಗಿ ಒಡೆದು, ಬೇರ್ಪಡಿಸಿ, ಕಾಯಿಸಿ ಪಡೆಯುವ ನಿಯೋಡಿಮಿಯಂ ಆಕ್ಸೈಡಿನ ತಿಳಿ ನೇರಳೆ ಪುಡಿ ಭಸ್ಮ. ಕರಗಿದ ಲವಣದಲ್ಲಿ ಆ ಭಸ್ಮವನ್ನು ಹಾಕಿ ವಿದ್ಯುತ್ ಹಾಯಿಸಿದಾಗ ಸಿಗುವುದು ಲೋಹ. ಆ ಲೋಹವನ್ನು ಕಬ್ಬಿಣ ಮತ್ತು ಬೋರಾನ್ ಜೊತೆ, ಗಾಳಿ ತಾಗದಂತೆ ಕರಗಿಸಿ ಎರೆದಾಗ ಮಿಶ್ರಲೋಹ. ಅದನ್ನು ಕೆಲವೇ ಮೈಕ್ರಾನ್ ಗಾತ್ರಕ್ಕೆ ಪುಡಿಮಾಡಿ, ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಒತ್ತಿ, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕುಲುಮೆಯಲ್ಲಿ ಬೇಯಿಸಿ, ಕೊಯ್ದು, ತುಕ್ಕು ಹಿಡಿಯದಂತೆ ನಿಕ್ಕಲ್ ಲೇಪಿಸಿ, ಕೊನೆಗೆ ಕಾಂತತ್ವ ತುಂಬಿದಾಗ ಕಾಂತ. ಬೇಯಿಸಿ ತೆಗೆದ ತುಂಡು ಕಾಂತತ್ವ ತುಂಬುವವರೆಗೂ ಒಂದು ಗುಂಡುಸೂಜಿಯನ್ನೂ ಹಿಡಿಯುವುದಿಲ್ಲ.

ಈ ಐದನ್ನೂ ಒಂದೇ ಪದದಲ್ಲಿ ಹೇಳಿದರೆ ದೇಶದ ನಿಜವಾದ ಸಮಸ್ಯೆ ಓದುಗರಿಗೆ ತಿಳಿಯುವುದೇ ಇಲ್ಲ. ನಮ್ಮಲ್ಲಿ ಖನಿಜವಿದೆ. 1950ರಲ್ಲಿಯೇ ಇಂಡಿಯನ್ ರೇರ್ ಅರ್ತ್ಸ್ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾಗಿ ಭಸ್ಮವನ್ನು ಬೇರ್ಪಡಿಸುವ ವಿದ್ಯೆ ನಮಗೆ ದಕ್ಕಿದೆ. ಕೊರತೆ ಇರುವುದು ಭಸ್ಮದಿಂದ ಕಾಂತದವರೆಗಿನ ದಾರಿಯಲ್ಲಿ. ಕೇಂದ್ರ ಸಚಿವ ಸಂಪುಟವು 2025ರ ನವೆಂಬರಿನಲ್ಲಿ ಒಪ್ಪಿದ 7,280 ಕೋಟಿ ರೂಪಾಯಿಗಳ ಯೋಜನೆಯ ಗುರಿಯೂ ಭಸ್ಮವನ್ನು ಲೋಹವಾಗಿ, ಲೋಹವನ್ನು ಮಿಶ್ರಲೋಹವಾಗಿ, ಮಿಶ್ರಲೋಹವನ್ನು ಕಾಂತವಾಗಿ ಮಾಡುವ, ವರ್ಷಕ್ಕೆ 6,000 ಟನ್ ಸಾಮರ್ಥ್ಯದ ಕಾರ್ಖಾನೆಗಳು. ಆ ಸುದ್ದಿಯನ್ನು ‘ಖನಿಜ ಯೋಜನೆ’ ಎಂದು ಕರೆದರೆ ಯಾರೋ ಗಣಿ ತೋಡಲು ಹೊರಟಿದ್ದಾರೆ ಎಂಬ ಭಾವನೆ ಬರುತ್ತದೆ.

ಪದ ಸಡಿಲವಾದರೆ ಕೆಲಸವೂ ಹೇಗೆ ಕೆಡುತ್ತದೆ ಎಂಬುದಕ್ಕೆ ನನ್ನದೇ ಅನುಭವವನ್ನು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕಾಫಿ ಹುರಿಯುವ ಸಣ್ಣ ಘಟಕವೊಂದರವರು, ಹುರಿದ ಬೀಜ ಹೊರಬೀಳುವ ಬಾಯಿಗೆ ಕಾಂತದ ಸಲಾಕೆಗಳ ಜಾಲರಿ ಮಾಡಿಕೊಡಲು ಕೇಳಿದ್ದರು. ಬೀಜದ ಜೊತೆ ಬರುವ ಮೊಳೆ, ತಂತಿಯ ಚೂರುಗಳು ಬೀಸುವ ಯಂತ್ರಕ್ಕೆ ಹೋಗದಂತೆ ತಡೆಯುವುದು ಅದರ ಕೆಲಸ. ನಾನು ಆರ್ಡರಿನಲ್ಲಿ ಬರೆದದ್ದು ‘ರೇರ್ ಅರ್ತ್ ಮ್ಯಾಗ್ನೆಟ್ ಸಲಾಕೆ, 6’ ಎಂದಷ್ಟೇ. ಬಂದದ್ದು ನಿಯೋಡಿಮಿಯಂ ಸಲಾಕೆ. ಕೂರಿಸಿದ ದಿನ ಅದರ ಮೇಲೆ ಒಂದು ಅರ್ಧ ಇಂಚಿನ ನಟ್ಟು ಅಂಟಿದರೆ ಬಿಡಿಸಲು ಹೆಣಗಬೇಕಿತ್ತು. ಎರಡು ತಿಂಗಳು ಕಳೆದು ಹೋಗಿ ನೋಡಿದರೆ ಅದೇ ನಟ್ಟನ್ನು ಎರಡು ಬೆರಳಿನಲ್ಲಿ ಎತ್ತಿ ತೆಗೆಯುವಂತಾಗಿತ್ತು. ಹುರಿದ ಬೀಜ ಇನ್ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಹೊರಬರುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತವನ್ನು 80 ಡಿಗ್ರಿಗಿಂತ ಮೇಲೆ ಬಳಸಬಾರದು. ಸಲಾಕೆ ಕಳಿಸಿದವರ ತಪ್ಪು ಇದರಲ್ಲಿ ಏನೂ ಇಲ್ಲ. ನಾನು ಬರೆದ ಪದಕ್ಕೆ ಅವರು ಕಳಿಸಿದ್ದು ಸರಿಯಾದ ವಸ್ತುವೇ.

ಏಕೆಂದರೆ ವಿರಳ ಭಸ್ಮ ಕಾಂತ ಎಂಬುದು ಒಂದು ವಸ್ತುವಿನ ಹೆಸರಲ್ಲ, ಜಾತಿಯ ಹೆಸರು. ಬೀಜ ಬೇಕು ಎಂದರೆ ಅರೇಬಿಕಾವೋ ರೋಬಸ್ಟಾವೋ ತಿಳಿಯದ ಹಾಗೆ. ಅದರಲ್ಲಿ ಮುಖ್ಯವಾಗಿ ಎರಡು ಮಿಶ್ರಲೋಹಗಳ ಕುಟುಂಬಗಳಿವೆ. ಮೊದಲು ಬಂದದ್ದು 1960ರ ದಶಕದ ಸಂಶೋಧನೆಯಿಂದ ಬೆಳೆದ ಸಮೇರಿಯಂ–ಕೋಬಾಲ್ಟ್. ಅದು ಬೆಲೆ ಹೆಚ್ಚು, ಬಿದ್ದರೆ ಪಿಂಗಾಣಿಯಂತೆ ಒಡೆಯುತ್ತದೆ, ಆದರೆ 250 ಡಿಗ್ರಿ ಬಿಸಿಯಲ್ಲೂ ಕಾಂತತ್ವ ಬಿಟ್ಟುಕೊಡುವುದಿಲ್ಲ. ಎರಡನೆಯದು 1980ರ ದಶಕದ ಮೊದಲಲ್ಲಿ ಜಪಾನಿನ ಮಸಾತೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಕಂಡುಕೊಂಡ ನಿಯೋಡಿಮಿಯಂ–ಕಬ್ಬಿಣ–ಬೋರಾನ್. ಇದು ಹೆಚ್ಚು ಬಲಶಾಲಿ, ಅಗ್ಗ, ಆದರೆ ಬಿಸಿಗೆ ಅಂಜುತ್ತದೆ. ಸುಮಾರು 310 ಡಿಗ್ರಿಯಲ್ಲಿ ಅದರ ಕಾಂತತ್ವ ಪೂರ್ತಿ ಅಳಿಯುತ್ತದೆ. ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವಂತಹ ಸಂಪರ್ಕ ಉಪಗ್ರಹಗಳಲ್ಲಿ ಸಂಕೇತವನ್ನು ವರ್ಧಿಸುವ ಕೊಳವೆಗಳಿಗೆ ಸಮೇರಿಯಂ–ಕೋಬಾಲ್ಟ್ ಕಾಂತಗಳನ್ನೇ ಬಳಸುತ್ತಾ ಬಂದಿರುವುದು ಇದೇ ಕಾರಣಕ್ಕೆ. ಕಾಫಿ ಘಟಕಕ್ಕೂ ನಾನು ಕೊನೆಗೆ ಸಮೇರಿಯಂ–ಕೋಬಾಲ್ಟ್ ಸಲಾಕೆಗಳನ್ನು ನನ್ನ ಖರ್ಚಿನಲ್ಲಿ ತರಿಸಿ ಹಾಕಿಕೊಟ್ಟೆ. ಅವು ಇಂದಿಗೂ ಮೊಳೆ ಹಿಡಿಯುತ್ತಿವೆ.

ಹೆಸರಿನ ಬಗ್ಗೆ ಇನ್ನೊಂದು ಮಾತು. ‘ನಿಯೋಡಿಮಿಯಂ ಅಯಸ್ಕಾಂತ’ ಎಂದು ಓದಿದವರು ಅದು ಇಡಿಯಾಗಿ ನಿಯೋಡಿಮಿಯಂ ಲೋಹದ್ದು ಎಂದು ತಿಳಿಯುತ್ತಾರೆ. ನೂರು ಗ್ರಾಂ ಕಾಂತದಲ್ಲಿ ವಿರಳ ಭಸ್ಮ ಲೋಹದ ಪಾಲು ಸುಮಾರು 30 ಗ್ರಾಂ, ಬೋರಾನ್ 1 ಗ್ರಾಂ, ಉಳಿದದ್ದು ಬಹುತೇಕ ಕಬ್ಬಿಣ. ಇದಕ್ಕೂ ಹಿಂದಿನ ತಲೆಮಾರಿನ ಅಲ್ನಿಕೊದಲ್ಲೂ ಹಾಗೆಯೇ. ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುವ ಅಲ್ಯೂಮಿನಿಯಂ ತಟ್ಟೆಯನ್ನು ತಡೆಹಿಡಿಯುತ್ತಿದ್ದ ಕುದುರೆ ಲಾಳದ ಕಾಂತ, ಸೈಕಲ್ಲಿನ ಡೈನಮೊದ ಕಾಂತ ಇವು ಅಲ್ನಿಕೊ. ಅದು ಯಾವುದೋ ಕಂಪನಿಯ ಹೆಸರು ಎಂದು ನನ್ನ ವಿದ್ಯಾರ್ಥಿಗಳು ಎಷ್ಟೋ ಸಲ ಬರೆದಿದ್ದಾರೆ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಎಂಬ ಮೂರು ಹೆಸರುಗಳ ಮೊದಲ ಉಚ್ಚಾರಗಳನ್ನು ಕೂಡಿಸಿ ಕಟ್ಟಿದ ಪದ ಅದು. ಜಪಾನಿನ ಮಿಶಿಮಾ 1931ರಲ್ಲಿ ಕಬ್ಬಿಣಕ್ಕೆ ನಿಕ್ಕಲ್ ಮತ್ತು ಅಲ್ಯೂಮಿನಿಯಂ ಸೇರಿಸಿ, ಆಗಿನ ಒಳ್ಳೆಯ ಕಾಂತದ ಉಕ್ಕಿಗಿಂತ ಎರಡು ಪಟ್ಟು ಹಟದ, ಅಂದರೆ ಸುಲಭಕ್ಕೆ ಕಾಂತತ್ವ ಬಿಡದ, ಮಿಶ್ರಲೋಹ ಮಾಡಿದ್ದರಿಂದ ಈ ಕುಟುಂಬ ಹುಟ್ಟಿತು. ಅಲ್ನಿಕೊದಲ್ಲೂ ಅತಿ ಹೆಚ್ಚು ಪಾಲು ಕಬ್ಬಿಣದ್ದೇ, ಆದರೆ ಹೆಸರಿನಲ್ಲಿ ಕಬ್ಬಿಣವಿಲ್ಲ. ಅಲ್ನಿಕೊದಲ್ಲಿ ವಿರಳ ಭಸ್ಮ ಲೋಹ ಒಂದಿಷ್ಟೂ ಇಲ್ಲ. ಸೀಲಿಂಗ್ ಫ್ಯಾನಿನ ಹೊಸ ಮೋಟಾರುಗಳಲ್ಲಿ, ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ಇರುವ, ಮುಖ್ಯವಾಗಿ ಕಬ್ಬಿಣದ ಆಕ್ಸೈಡಿನಿಂದಾದ ಕಪ್ಪು ಫೆರೈಟ್ ಕಾಂತದಲ್ಲಿಯೂ ಅದು ಬೇಕಾಗಿಲ್ಲ. ಹಾಗಾಗಿ ‘ಚೀನಾ ನಿರ್ಬಂಧ: ಕಾಂತಗಳಿಗೆ ಬರ’ ಎಂದು ಬರೆದರೆ ಎಲ್ಲ ಕಾಂತಗಳೂ ನಿಂತುಹೋದವೆಂದು ಅರ್ಥವಾಗುತ್ತದೆ, ನಿಂತದ್ದು ಒಂದು ಜಾತಿ ಮಾತ್ರ.

ಆ ಜಾತಿಯಲ್ಲೂ ಎಲ್ಲವೂ ಅಲ್ಲ. ಏಪ್ರಿಲ್ 4ರ ಪಟ್ಟಿಯಲ್ಲಿದ್ದದ್ದು ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲ್ಯುಟೀಷಿಯಂ, ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ಎಲ್ಲ ಸುದ್ದಿಗಳಲ್ಲೂ ಹೆಸರು ಕೇಳಿಬಂದ ನಿಯೋಡಿಮಿಯಂ ಅದರಲ್ಲಿ ಇರಲೇ ಇಲ್ಲ. ಆದರೂ ವಾಹನ ಕಾರ್ಖಾನೆಗಳಿಗೆ ಬಿಸಿ ತಟ್ಟಿತು. ಕಾರಣ, ಮೋಟಾರಿನ ಒಳಗಿನ ಶಾಖವನ್ನು ನಿಯೋಡಿಮಿಯಂ ಕಾಂತ ತಾಳಿಕೊಳ್ಳಬೇಕಾದರೆ ಅದಕ್ಕೆ ಸ್ವಲ್ಪ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸಬೇಕು. ಹಾಗೆ ಬೆರೆಸಿದ ಕಾಂತವೂ ಪರವಾನಗಿಯ ಬಲೆಗೆ ಬಿತ್ತು. ಇಷ್ಟನ್ನು ನಾಲ್ಕು ಸಾಲಿನಲ್ಲಿ ವಿವರಿಸಿದ ಒಂದು ವರದಿಯನ್ನೂ ನಾನು ಕನ್ನಡದಲ್ಲಿ ಓದಲಿಲ್ಲ.

‘ಅಪರೂಪದ ಖನಿಜ’ ಎಂಬ ತಲೆಬರಹದ ಕೆಳಗೆ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಲಿಥಿಯಂ ಸುದ್ದಿಯನ್ನೂ ಓದಿದ್ದೇನೆ. ಲಿಥಿಯಂ ಈ ಹದಿನೇಳರಲ್ಲಿ ಒಂದಲ್ಲ. ಅದು ಬ್ಯಾಟರಿಯ ಲೋಹ. ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಲಿಥಿಯಂ ಬೇರೆ, ವಿರಳ ಭಸ್ಮ ಧಾತುಗಳು ಬೇರೆ. ಎರಡನ್ನೂ ಒಟ್ಟಾಗಿ ಹೇಳಬೇಕಾದ ಕಡೆ ‘ನಿರ್ಣಾಯಕ ಖನಿಜ’ ಎಂಬ ಪದ ಇದ್ದೇ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಧಾತುಗಳ ಗುಂಪಿನ ಬಗ್ಗೆ ಬರೆಯುವಾಗ ‘ವಿರಳ ಭಸ್ಮ ಧಾತುಗಳು’ ಎಂದೂ, ಅವುಗಳಿಂದಾದ ಕಾಂತದ ಬಗ್ಗೆ ಬರೆಯುವಾಗ ‘ವಿರಳ ಭಸ್ಮ ಕಾಂತ’ ಎಂದೂ ಅಚ್ಚುಮಾಡಿ. ಮೊದಲ ಬಾರಿ ಬಂದಾಗ ಪಕ್ಕದಲ್ಲಿ ‘ರೇರ್ ಅರ್ತ್’ ಎಂದು ಕೊಟ್ಟರೆ ಅಂಗಡಿಯವರಿಗೂ ಗುರುತು ಸಿಗುತ್ತದೆ. ವಸ್ತು ಯಾವುದೆಂದು ಗೊತ್ತಿದ್ದಲ್ಲಿ ಮಿಶ್ರಲೋಹದ ಹೆಸರನ್ನೇ ಹೇಳಿ: ನಿಯೋಡಿಮಿಯಂ–ಕಬ್ಬಿಣ–ಬೋರಾನ್, ಅಥವಾ ಸಮೇರಿಯಂ–ಕೋಬಾಲ್ಟ್. ಸುದ್ದಿ ಖನಿಜದ್ದೋ, ಭಸ್ಮದ್ದೋ, ಲೋಹದ್ದೋ, ಕಾಂತದ್ದೋ ಎಂಬುದನ್ನು ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯಲ್ಲಿ ಒಮ್ಮೆ ನೋಡಿ ನಿರ್ಧರಿಸಿ. ಕಾಗುಣಿತದಲ್ಲೂ ಒಂದು ನಿಯಮವಿರಲಿ. ತಮ್ಮ ಒಂದೇ ಸಂಚಿಕೆಯಲ್ಲಿ ನಿಯೋಡಿಮಿಯಂ, ನಿಯೋಡೈಮಿಯಂ, ನೀಯೊಡಿಮಿಯಮ್ ಎಂದು ಮೂರು ಬಗೆಯಲ್ಲಿ ಬಂದದ್ದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಬೇಕಿದ್ದರೆ ಕಳಿಸುತ್ತೇನೆ.

ಅರಸೀಕೆರೆಯವರು ಮೋಟಾರು ಒಯ್ಯಲು ಮುಂದಿನ ವಾರ ಬಂದಾಗ, ಅಷ್ಟರಲ್ಲಿ ಮನೆಯ ಅಟ್ಟದಿಂದ ಹುಡುಕಿ ತಂದಿದ್ದ ಹಳೆಯ ಮ್ಯಾಂಟಲ್ ಒಂದನ್ನು ಅವರೆದುರೇ ಸುಟ್ಟು ತೋರಿಸಿದೆ. ಬಿಳಿಯ ಬಲೆಯನ್ನು ಬಗ್ಗಿ ನೋಡಿದ ಅವರು, ‘ಇದನ್ನೇ ಪೇಪರಲ್ಲಿ ಹಿಂಗೇ ಬರೀಬೋದಿತ್ತಲ್ಲ ಮೇಷ್ಟ್ರೇ’ ಎಂದರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ,
ಹಾಸನ